ಮಗಳು ಮುಖಕ್ಕೆ ಬೆಳ್ಳಗಾಗುವ ಕ್ರೀಮು ಹಚ್ಚಿದ್ದಾಳೆ, ಈಗ ಬಿಡೋಕೆ ಆಗ್ತಿಲ್ಲ: ಗೊತ್ತಿರುವವರು ಹೇಳಿ

ದಾವಣಗೆರೆಯ ತಾಯಿ ಕೇಳಿದ್ದು:

ಮಗಳು ಒಂಬತ್ತನೇ ಕ್ಲಾಸು. ಅವಳಿಗೆ ನನ್ನ ಬಣ್ಣ ಬಂದಿದೆ, ಮಗನಿಗೆ ಅವರಪ್ಪನ ಬಣ್ಣ. ಇಬ್ಬರೂ ಒಟ್ಟಿಗೆ ಎಲ್ಲಿಗೆ ಹೋದರೂ ಅದೇ ಮಾತು. "ಆ ಬಣ್ಣ ಹುಡುಗಿಗೆ ಬರಬೇಕಿತ್ತು" ಅಂತ ಅವಳ ಎದುರಿಗೇ ಹೇಳುತ್ತಾರೆ. ಮೈದುನನ ಮದುವೆ ಹತ್ತಿರ ಬಂತು ಅಂತ ನಮ್ಮ ಅತ್ತೆ ಒಂದು ಬ್ಯೂಟಿ ಪಾರ್ಲರಿನಿಂದ ಡಬ್ಬಿ ಕ್ರೀಮು ತಂದುಕೊಟ್ಟರು. ಡಬ್ಬಿಯ ಮೇಲೆ ಹೆಸರಿಲ್ಲ, ಕಂಪನಿ ವಿಳಾಸ ಇಲ್ಲ. ಕೆಲವೇ ದಿನದಲ್ಲಿ ಮಗಳು ನಿಜಕ್ಕೂ ಬೆಳ್ಳಗಾದಳು. ಎಲ್ಲರೂ ಹೊಗಳಿದರು. ಈಗ ಒಂದು ರಾತ್ರಿ ಹಚ್ಚದಿದ್ದರೂ ಮುಖ ಕೆಂಪಗಾಗಿ ಉರಿಯುತ್ತದೆ, ಸಣ್ಣ ಸಣ್ಣ ಗುಳ್ಳೆ ಬೇರೆ. ಮತ್ತೆ ಹಚ್ಚಿದರೆ ಶಾಂತವಾಗುತ್ತದೆ. ಹಾಗಾಗಿ ಅವಳು ಬಿಡೋಕೆ ಒಪ್ಪುತ್ತಿಲ್ಲ. ನಿಲ್ಲಿಸೋದು ಹೇಗೆ? ಅತ್ತೆಗೆ ಹೇಗೆ ಹೇಳಲಿ? ಮಗಳಿಗೆ ಏನು ಹೇಳಲಿ?

ಹಾಸನದ ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್ ಆಗಿರುವವರು:

ಅಕ್ಕ, ಮೊದಲು ಆ ಡಬ್ಬಿಯನ್ನು ತೆಗೆದಿಡಿ. ಎಸೆಯಬೇಡಿ, ಡಾಕ್ಟರಿಗೆ ತೋರಿಸಬೇಕು.

ನೀವು ಹೇಳಿದ ಲಕ್ಷಣ ಓದಿದರೆ ಅದರಲ್ಲಿ ಸ್ಟೀರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಬಲವಾದ ಔಷಧಿ, ಇರುವ ಸಾಧ್ಯತೆ ಜಾಸ್ತಿ. ಸ್ಟೀರಾಯ್ಡ್ ಹಚ್ಚಿದಾಗ ಚರ್ಮದ ರಕ್ತನಾಳ ಕುಗ್ಗುತ್ತದೆ, ಬಣ್ಣ ತಯಾರಾಗುವುದೂ ಕಡಿಮೆಯಾಗುತ್ತದೆ. ಅದಕ್ಕೇ ಅಷ್ಟು ಬೇಗ ಬೆಳ್ಳಗೆ ಕಾಣೋದು. ಆದರೆ ದಿನಾ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ. ಕೆನ್ನೆಯ ಮೇಲೆ ಕೆಂಪು ನರದ ಗೆರೆ ಕಾಣಿಸುತ್ತವೆ. ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿ. ನಿಲ್ಲಿಸಿದ ಕೂಡಲೇ ಕುಗ್ಗಿದ್ದ ರಕ್ತನಾಳ ಒಮ್ಮೆಲೇ ಹಿಗ್ಗಿ ಮುಖ ಕೆಂಪಾಗುತ್ತದೆ. "ಕ್ರೀಮು ಬಿಟ್ಟಿದ್ದಕ್ಕೆ ಹೀಗಾಯ್ತು" ಅಂತ ಮತ್ತೆ ಹಚ್ಚುತ್ತಾರೆ. ನಿಮ್ಮ ಮಗಳು ಹಟ ಮಾಡುತ್ತಿಲ್ಲ ಅಕ್ಕ, ಅವಳಿಗೆ ನಿಜಕ್ಕೂ ಉರಿಯುತ್ತಿದೆ. ಅದನ್ನು ನಂಬಿ. ಈ ತೊಂದರೆ ಎಷ್ಟು ಸಾಮಾನ್ಯ ಅಂದರೆ ನಮ್ಮ ದೇಶದ ಚರ್ಮದ ಡಾಕ್ಟರುಗಳು ಇದಕ್ಕೆ ಒಂದು ಹೆಸರನ್ನೇ ಇಟ್ಟಿದ್ದಾರೆ, ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್ ಅಂತ. ಅಂದರೆ ಹಚ್ಚಿದ ಸ್ಟೀರಾಯ್ಡ್‌ನಿಂದ ಹಾಳಾದ ಮುಖ.

ಅಂಗಡಿಯಲ್ಲಿ ನಾನು ನೋಡುವುದು ಇನ್ನೊಂದು ಇದೆ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೀರಾಯ್ಡ್, ಮೂರೂ ಸೇರಿದ ಟ್ಯೂಬ್. ಬಂಗು ಇದ್ದವರಿಗೆ ಚರ್ಮದ ಡಾಕ್ಟರು ಸ್ವಲ್ಪ ಕಾಲ, ತಮ್ಮ ನಿಗಾದಲ್ಲಿ ಕೊಡುವ ಔಷಧಿ ಅದು. ಜನ ಅದನ್ನು ಮುಖ ಬೆಳ್ಳಗೆ ಮಾಡುವ ಕ್ರೀಮು ಅಂತ ಕೇಳಿಕೊಂಡು ಬರುತ್ತಾರೆ. ಚೀಟಿ ಇಲ್ಲ, ಅಕ್ಕಪಕ್ಕದವರು ಹೇಳಿದ್ದು ಅಷ್ಟೇ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ನಾನು ಕೊಡುವುದಿಲ್ಲ ಅಂದರೆ ಬೈದು ಪಕ್ಕದ ಅಂಗಡಿಗೆ ಹೋಗುವವರೂ ಇದ್ದಾರೆ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೊಬೆಟಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಡಾಕ್ಟರ್ ಬರೆಯದೆ ಮುಖಕ್ಕೆ ಹಚ್ಚಬಾರದು.

ಆದಷ್ಟು ಬೇಗ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೇಗೆ ನಿಲ್ಲಿಸಬೇಕು, ಒಮ್ಮೆಲೇನಾ ನಿಧಾನಕ್ಕಾ ಅನ್ನೋದು ಅವರೇ ನೋಡಿ ಹೇಳಬೇಕು. ಅಲ್ಲಿಯವರೆಗೆ ನಿಂಬೆರಸ, ಅರಿಶಿನ, ಟೂತ್‌ಪೇಸ್ಟ್, ಫೇಶಿಯಲ್, ಬ್ಲೀಚ್ ಏನೂ ಬೇಡ. ಮುಖವನ್ನು ತಣ್ಣೀರಲ್ಲಿ ಮೆಲ್ಲಗೆ ತೊಳೆದು, ಸುವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಸಾಕು. ಬಿಸಿಲಿಗೆ ಛತ್ರಿ ಹಿಡಿಯಲಿ. ಸರಿಹೋಗಲು ತಿಂಗಳುಗಟ್ಟಲೆ ಆಗಬಹುದು. ಅವಳಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಮಧ್ಯದಲ್ಲಿ ಗಾಬರಿಯಾಗುತ್ತಾಳೆ.

ಮಂಗಳೂರಿನ ಡಯಾಲಿಸಿಸ್ ಘಟಕದಲ್ಲಿ ನರ್ಸ್:

ಮೇಲೆ ಹೇಳಿದ್ದೆಲ್ಲ ಸರಿ. ಅದರ ಜೊತೆ ಮೂತ್ರ ಪರೀಕ್ಷೆಯನ್ನೂ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಹೆದರಿಸಲು ಹೇಳುತ್ತಿಲ್ಲ. ಲೇಬಲ್ ಇಲ್ಲದ ಕ್ರೀಮಿನಲ್ಲಿ ಪಾದರಸ ಇದ್ದರೂ ನಮಗೆ ಗೊತ್ತಾಗುವುದಿಲ್ಲ.

ಪಾದರಸ ಚರ್ಮದಲ್ಲಿ ಬಣ್ಣ ತಯಾರಾಗದಂತೆ ತಡೆಯುತ್ತದೆ, ಅದಕ್ಕೇ ಹಾಕುತ್ತಾರೆ. ಆದರೆ ಅದು ಚರ್ಮದಿಂದ ಒಳಗೆ ಇಳಿದು ಕಿಡ್ನಿಗೆ ಹೋಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಡಾಕ್ಟರುಗಳು ಇದನ್ನು ಪತ್ತೆ ಮಾಡಿದರು. 2021ರಿಂದ 2023ರ ನಡುವೆ ಮೆಂಬ್ರೇನಸ್ ನೆಫ್ರೋಪತಿ ಅನ್ನುವ ಕಿಡ್ನಿ ಕಾಯಿಲೆಯ 22 ಜನ ಅವರ ಹತ್ತಿರ ಬಂದಿದ್ದರು. ಅದರಲ್ಲಿ 15 ಜನರದು ಅಪರೂಪದ ಒಂದು ಬಗೆ. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೇರಳದಲ್ಲಿ 2023ರಲ್ಲಿ ಆಪರೇಷನ್ ಸೌಂದರ್ಯ ಅಂತ ಹೆಸರಿಟ್ಟು ಔಷಧ ನಿಯಂತ್ರಣ ಇಲಾಖೆ ಅಂಗಡಿಗಳ ತಪಾಸಣೆಯನ್ನೂ ಮಾಡಿತು.

ಮೂತ್ರದಲ್ಲಿ ನೊರೆ ನಿಲ್ಲುವುದು, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಪಾದದಲ್ಲಿ ಬಾವು, ಇದ್ಯಾವುದಾದರೂ ಇದ್ದರೆ ಒಂದು ದಿನವೂ ಕಾಯಬೇಡಿ. ನಮ್ಮಲ್ಲಿ ಮಾರುವ ಸೌಂದರ್ಯ ವಸ್ತುವಿನ ಮೇಲೆ ಸಾಮಾನ್ಯವಾಗಿ ತಯಾರಕರ ವಿಳಾಸ, ಬ್ಯಾಚ್ ನಂಬರ್, ಒಳಗೆ ಏನೇನಿದೆ ಅನ್ನುವ ಪಟ್ಟಿ ಇರಬೇಕು. ಅದಿಲ್ಲದ ಡಬ್ಬಿ ಮಾರಿದವರ ಮೇಲೆ ನಿಮ್ಮ ಜಿಲ್ಲೆಯ ಡ್ರಗ್ ಇನ್‌ಸ್ಪೆಕ್ಟರಿಗೆ ದೂರು ಕೊಡಬಹುದು. ದಯವಿಟ್ಟು ಕೊಡಿ. ಆ ಪಾರ್ಲರಿಗೆ ಇನ್ನೂ ಎಷ್ಟು ಮಕ್ಕಳು ಬರುತ್ತಾರೋ.

ಇನ್ನೊಂದು ಪ್ರಶ್ನೆ. ಮನೆಯಲ್ಲಿ ಬೇರೆ ಯಾರಾದರೂ ಅದೇ ಕ್ರೀಮು ಹಚ್ಚುತ್ತಿದ್ದಾರಾ?

ದಾವಣಗೆರೆಯ ತಾಯಿ:

ನೀವು ಕೇಳಿದ ಮೇಲೆ ವಿಚಾರಿಸಿದೆ. ಅತ್ತೆಯೂ ಹಚ್ಚಿಕೊಳ್ಳುತ್ತಿದ್ದಾರಂತೆ. ಅವರಿಗೆ ಶುಗರ್ ಇದೆ. ನಾಳೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ಅತ್ತೆ ಮಾತ್ರ "ನಾನು ಒಳ್ಳೇದಕ್ಕೇ ತಂದಿದ್ದು" ಅಂತ ಅಳುತ್ತಿದ್ದಾರೆ.

ತುಮಕೂರಿನ ಹೈಸ್ಕೂಲ್ ಪಿ.ಟಿ. ಮೇಷ್ಟ್ರು:

ಗಂಡುಮಕ್ಕಳನ್ನೂ ಮರೆಯಬೇಡಿ ಮೇಡಂ. ನಮ್ಮ ಹಾಸ್ಟೆಲ್ ಹುಡುಗರ ಟ್ರಂಕಿನಲ್ಲೂ ಈ ಟ್ಯೂಬ್ ಇರುತ್ತದೆ. "ಕರಿಯ" ಅಂತ ಕರೆಸಿಕೊಂಡೇ ಬೆಳೆದವನು ನಾನು, ಅದರ ನೋವು ಗೊತ್ತು. ಗಂಡಸರಿಗೆ ಅಂತಲೇ 2005ರಲ್ಲಿ ಫೇರ್ ಅಂಡ್ ಹ್ಯಾಂಡ್ಸಮ್ ಬಂತು. ಹೇಳಿದ ಹಾಗೆ ಬೆಳ್ಳಗಾಗಲಿಲ್ಲ ಅಂತ ದೆಹಲಿಯ ಒಬ್ಬರು ಗ್ರಾಹಕರ ವೇದಿಕೆಗೆ ಹೋಗಿದ್ದರು. ಆ ಟ್ಯೂಬಿನ ಬೆಲೆ 79 ರೂಪಾಯಿ. 2024ರ ಡಿಸೆಂಬರಿನಲ್ಲಿ ವೇದಿಕೆ ಕಂಪನಿಗೆ 14.5 ಲಕ್ಷ ರೂಪಾಯಿ ದಂಡ ಹಾಕಿತು. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2023ರಲ್ಲಿ ಒಂದು ಪ್ರಕರಣದಲ್ಲಿ, ಗಂಡ ಕಪ್ಪು ಅಂತ ಹೆಂಡತಿ ಅವಮಾನ ಮಾಡುತ್ತಿದ್ದುದು ಕ್ರೌರ್ಯ ಅಂತ ಹೇಳಿ ವಿಚ್ಛೇದನ ಕೊಟ್ಟಿತು.

ಗ್ರೌಂಡಿನಲ್ಲಿ ಕಂಡ ಒಂದು ವಿಷಯ ಹೇಳಲೇಬೇಕು. ಕೆಲವು ಮಕ್ಕಳ ಕತ್ತಿನ ಹಿಂಭಾಗ, ಕಂಕುಳು ಮಾತ್ರ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪಾಗಿರುತ್ತದೆ. ಮನೆಯಲ್ಲಿ ಕೊಳೆ ಅಂದುಕೊಂಡು ಉಜ್ಜುತ್ತಾರೆ, ಇಲ್ಲವೇ ಕ್ರೀಮು ಹಚ್ಚುತ್ತಾರೆ. ನಮ್ಮ ಶಾಲೆಯ ಒಬ್ಬಳಿಗೆ ಉಜ್ಜಿ ಉಜ್ಜಿ ಗಾಯವೇ ಆಗಿತ್ತು. ಅದು ಕೊಳೆಯಲ್ಲ. ಎಷ್ಟೋ ಸಲ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ಆ ಮಕ್ಕಳಿಗೆ ಬೇಕಿರುವುದು ಶುಗರ್ ಪರೀಕ್ಷೆ, ಆಟ, ಊಟದ ಕಡೆ ಗಮನ. ಆದರೆ "ಬಿಸಿಲಿಗೆ ಕಪ್ಪಾಗ್ತೀಯ" ಅಂತ ಅವರನ್ನೇ ಆಟದಿಂದ ಬಿಡಿಸುತ್ತಾರೆ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ.

ಚಿಕ್ಕಮಗಳೂರು ಕಡೆಯ ಆಶಾ ಕಾರ್ಯಕರ್ತೆ:

ಇದು ಒಂಬತ್ತನೇ ಕ್ಲಾಸಿನಲ್ಲಿ ಶುರುವಾಗುವುದಲ್ಲ. ಬಸುರಿಗೆ ಕೇಸರಿ ಹಾಲು ಕೊಡುವಾಗಲೇ ಶುರು. ಕೇಸರಿಯಿಂದ ಮಗುವಿನ ಬಣ್ಣ ಬದಲಾಗುವುದಿಲ್ಲ, ಅದು ಅಪ್ಪ ಅಮ್ಮನಿಂದ ಬರುವಂಥದ್ದು. ಆ ದುಡ್ಡಿಗೆ ಮೊಟ್ಟೆ, ಸೊಪ್ಪು, ಕಾಳು ತನ್ನಿ ಅಂತ ಹೇಳುತ್ತೇನೆ. ಹುಟ್ಟಿದ ಮಗುವಿನ ಕಿವಿಯ ಅಂಚು ನೋಡಿ "ಇದು ಕಪ್ಪಾಗುತ್ತೆ" ಅನ್ನುವವರು ಪ್ರತಿ ಬಾಣಂತಿ ಮನೆಯಲ್ಲೂ ಒಬ್ಬರಿರುತ್ತಾರೆ. ಆಮೇಲೆ ಕಡಲೆಹಿಟ್ಟು ಹಾಕಿ ಆ ಎಳೆ ಚರ್ಮವನ್ನು ತಿಕ್ಕುವುದು. ಹುಟ್ಟಿದಾಗ ಇದ್ದ ಬಣ್ಣ ವಾರಗಳು ಕಳೆದಂತೆ ಗಾಢವಾಗುವುದು ಸಹಜ. ಅಷ್ಟಕ್ಕೇ ಬಾಣಂತಿ ಕೊರಗುವುದನ್ನು ನೋಡಿದ್ದೇನೆ.

ಧಾರವಾಡದ ನಿವೃತ್ತ ಶಿಕ್ಷಕಿ:

ತಂಗಿ, ನಿಮ್ಮ ಅತ್ತೆ ಅಳುತ್ತಿದ್ದಾರೆ ಅಂತ ಬರೆದಿದ್ದೀರಿ. ಅದನ್ನು ಓದಿ ನಾನು ಬರೆಯುತ್ತಿದ್ದೇನೆ.

ಅವರ ಜೊತೆ ಜಗಳಕ್ಕೆ ಹೋಗಬೇಡಿ. ಅವರೂ ಅದೇ ಡಬ್ಬಿಯಿಂದ ಹಚ್ಚಿಕೊಂಡಿದ್ದಾರೆ ಅಂದರೆ ಅವರಿಗೂ ಯಾರೋ ಈ ಮಾತು ಹೇಳಿ ನೋಯಿಸಿದ್ದಾರೆ ಅಂತಲೇ ಅರ್ಥ. ನಮ್ಮ ಕಾಲದಲ್ಲಿ ಗಂಡಿನ ಕಡೆಯವರು ಹುಡುಗಿಯನ್ನು ನೋಡಿ ಹೋದ ಮೇಲೆ ದಲ್ಲಾಳಿ ಬಂದು "ಬಣ್ಣ ಒಂದು ಸ್ವಲ್ಪ ಕಮ್ಮಿ ಅಂದರು" ಅನ್ನುತ್ತಿದ್ದರು. ಬಣ್ಣ ಕಮ್ಮಿಯಾದಷ್ಟೂ ಕೊಡುವುದು ಜಾಸ್ತಿಯಾಗುತ್ತಿತ್ತು. ಅಪ್ಪಂದಿರು ಅದಕ್ಕಾಗಿ ಹೊಲ ಮಾರಿದ್ದನ್ನು ಕಂಡಿದ್ದೇನೆ. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪಗಿರುವ ಹುಡುಗಿಗೆ ಕೆಲಸ ಇಲ್ಲ, ವರ ಇಲ್ಲ, ಹಚ್ಚಿಕೊಂಡ ಕೂಡಲೇ ಎರಡೂ ಸಿಗುತ್ತವೆ ಅನ್ನುವ ಜಾಹೀರಾತು ನೋಡುತ್ತಲೇ ನಮ್ಮ ಪೀಳಿಗೆ ಮುದುಕಿಯಾಯಿತು. ಹಾಗೆ ತೋರಿಸಬಾರದು ಅಂತ ಜಾಹೀರಾತು ಮಂಡಳಿ ನಿಯಮ ಮಾಡಿದ್ದು 2014ರಲ್ಲಿ. ಹೆಸರಿನಿಂದ ಆ 'ಫೇರ್' ಹೋದದ್ದು 2020ರಲ್ಲಿ, ಅಮೆರಿಕದಲ್ಲಿ ಕಪ್ಪು ಜನರ ಪರವಾಗಿ ದೊಡ್ಡ ಹೋರಾಟ ಎದ್ದ ಮೇಲೆ. ಅದೇ ವರ್ಷ ಶಾದಿ ಡಾಟ್ ಕಾಮ್‌ನವರೂ ಮೈಬಣ್ಣ ನೋಡಿ ಹುಡುಕುವ ಆಯ್ಕೆಯನ್ನು ತೆಗೆದರು. ನಂದಿತಾ ದಾಸ್ ಅವರಂಥ ನಟಿ ಚೆನ್ನೈನ 'ಡಾರ್ಕ್ ಈಸ್ ಬ್ಯೂಟಿಫುಲ್' ಅಭಿಯಾನಕ್ಕೆ ದನಿಗೂಡಿಸಿ ಆಗಲೇ ವರ್ಷಗಳಾಗಿದ್ದವು. ಇಷ್ಟಾದರೂ ಮದುವೆ ಮನೆಯ ಮಾತು ಬದಲಾಗಿಲ್ಲ. ಅದನ್ನು ಕಂಪನಿಯಾಗಲಿ ಕೋರ್ಟಾಗಲಿ ಬಂದು ಬದಲಿಸುವುದಿಲ್ಲ. ಮನೆಯವರೇ ಬಾಯಿ ಬಿಡಬೇಕು.

ಅತ್ತೆಗೆ ನೀವು ಹೇಳುವುದಕ್ಕಿಂತ ಡಾಕ್ಟರೇ ಹೇಳಲಿ. ಒಳಗೆ ಹೋಗುವ ಮೊದಲೇ ಡಾಕ್ಟರಿಗೆ ಒಂದು ಮಾತು ತಿಳಿಸಿಡಿ, ಅತ್ತೆಯನ್ನು ಗದರಬೇಡಿ ಅಂತ. ಮನೆಗೆ ಬಂದ ಮೇಲೆ ಅತ್ತೆಗೇ ಒಂದು ಜವಾಬ್ದಾರಿ ಕೊಡಿ. ಮದುವೆಯಲ್ಲಿ ಯಾರಾದರೂ ಮೊಮ್ಮಗಳ ಬಣ್ಣದ ಮಾತೆತ್ತಿದರೆ ಉತ್ತರ ಹೇಳಬೇಕಾದವರು ಅವರು. "ನಮ್ಮ ಹುಡುಗಿ ನಮಗೆ ಚಂದ, ಈ ಮಾತು ಬಿಡಿ" ಅಂತ ಅಜ್ಜಿ ಹೇಳಿದರೆ ಎದುರಿಗಿದ್ದವರು ಸುಮ್ಮನಾಗುತ್ತಾರೆ. ನೀವು ಹೇಳಿದರೆ "ಸೊಸೆಗೆ ಸಿಟ್ಟು ಬಂತು" ಅಂತಾರೆ.

ಮಗಳಿಗೆ ಸಮಾಧಾನ ಹೇಳಲು ಹೋಗಿ "ಕೃಷ್ಣನೂ ಕಪ್ಪು, ಕಪ್ಪಾದರೂ ಲಕ್ಷಣ" ಅನ್ನಬೇಡಿ. ನನಗೆ ಚಿಕ್ಕಂದಿನಲ್ಲಿ ಎಲ್ಲರೂ ಪ್ರೀತಿಯಿಂದಲೇ ಹಾಗೆ ಅನ್ನುತ್ತಿದ್ದರು. ಸಮಾಧಾನ ಮಾಡಬೇಕಾದ ಏನೋ ಕೊರತೆ ನನ್ನಲ್ಲಿದೆ ಅಂತ ನನಗೆ ಖಾತ್ರಿಯಾದದ್ದೇ ಆ ಮಾತಿನಿಂದ. ಬಣ್ಣದ ಬಗ್ಗೆ ನೇರವಾಗಿ, ಸರಳವಾಗಿ ಹೇಳಿ. ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಬಣ್ಣ ಮಾಡುವ ಜೀವಕೋಶಗಳು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವು ತಯಾರಿಸುವ ಮೆಲನಿನ್ ಎಷ್ಟು, ಎಂಥದ್ದು ಅನ್ನುವುದರಲ್ಲಿ ವ್ಯತ್ಯಾಸ. ಆ ಮೆಲನಿನ್ ಬಿಸಿಲಿನ ಹಾನಿಯಿಂದ ಚರ್ಮವನ್ನು ಕಾಯುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಬಳ್ಳಾರಿಯ ಯುವತಿ, ಬ್ಯಾಂಕ್ ಉದ್ಯೋಗಿ:

ಆಂಟಿ, ನಿಮ್ಮ ಮಗಳ ಕಡೆಯಿಂದ ನಾನು ಹೇಳುತ್ತೇನೆ. ನಾನೂ ಕಪ್ಪು, ನನ್ನ ಅಕ್ಕ ಬೆಳ್ಳಗೆ.

ಅವಳಿಗೆ ಈಗ ದೊಡ್ಡ ಭಯ ಉರಿಯದ್ದಲ್ಲ. ಕ್ರೀಮು ಬಿಟ್ಟರೆ ಮೊದಲಿನ ಬಣ್ಣ ಬರುತ್ತದೆ, ಹೊಗಳಿದವರೆಲ್ಲ "ಏನೇ, ಮತ್ತೆ ಕಪ್ಪಾದೆ" ಅನ್ನುತ್ತಾರೆ ಅನ್ನುವ ಭಯ. ಅಷ್ಟೊಂದು ಹೊಗಳಿಕೆ ಅವಳಿಗೆ ಮೊದಲ ಸಲ ಸಿಕ್ಕಿರಬಹುದು. ಅದನ್ನು ಅವಳಿಂದ ಕಿತ್ತುಕೊಳ್ಳುತ್ತಿದ್ದೀರಿ ಅಂತ ಅವಳಿಗೆ ಅನ್ನಿಸುತ್ತದೆ. ಹಾಗಾಗಿ ಬಣ್ಣ ವಾಪಸ್ ಬರುವುದನ್ನು ಕಾಯಿಲೆ ವಾಸಿಯಾಗುವುದು ಅಂತ ಅವಳಿಗೆ ತಿಳಿಸಿ. ಡಾಕ್ಟರ ಬಾಯಿಂದಲೂ ಹೇಳಿಸಿ.

ನನಗೆ ಸಹಾಯವಾದದ್ದು ನಮ್ಮ ಅಮ್ಮನ ಒಂದು ನಿಯಮ. ಅಕ್ಕನಿಗೆ "ಬೆಳ್ಳಗಿದ್ದೀಯ, ಚೆನ್ನಾಗಿದ್ದೀಯ" ಅಂತ ಯಾರಾದರೂ ಹೇಳಿದರೂ ಅಮ್ಮ ಮಾತು ಬದಲಿಸುತ್ತಿದ್ದರು. ಬರೀ ಕಪ್ಪನ್ನು ಬೈಯಬೇಡಿ ಅಂದರೆ ಸಾಲದು, ಬಿಳಿಯನ್ನು ಹೊಗಳುವುದೂ ನಿಲ್ಲಬೇಕು. ನಿಮ್ಮ ಮಗನ ಬಣ್ಣವನ್ನು ಹೊಗಳಿದಾಗಲೂ ಹಾಗೇ ಮಾಡಿ, ಅವನಿಗೂ ಅದು ಒಳ್ಳೆಯದು. ಇನ್ನು "ಈ ಬಣ್ಣದ ಡ್ರೆಸ್ ನಿನಗೆ ಹೊಂದಲ್ಲ" ಅನ್ನುವ ಮಾತು. ನಾನು ಕಡು ಹಳದಿ, ರಾಣಿ ಬಣ್ಣ ಎಲ್ಲ ಉಡುತ್ತೇನೆ. ಮದುವೆಗೆ ಸೀರೆಯೋ ಲಂಗವೋ ಅವಳೇ ಆರಿಸಲಿ, ಪಕ್ಕದಲ್ಲಿ ನಿಂತು ಯಾರೂ ತೀರ್ಪು ಕೊಡದಿರಲಿ.

ಮದುವೆ ದಿನ ಮೇಕಪ್ ಮಾಡಿಸುವ ಯೋಚನೆ ಇದ್ದರೆ ಡಾಕ್ಟರನ್ನು ಕೇಳದೆ ಮಾಡಿಸಬೇಡಿ. ಈಗಿನ ಚರ್ಮ ತಡೆಯುವುದಿಲ್ಲ. ಅವರು ಸರಿ ಅಂದರೂ ಮೇಕಪ್‌ನವರಿಗೆ ಮೊದಲೇ ಹೇಳಿ, ಅವಳ ಬಣ್ಣದ್ದೇ ಫೌಂಡೇಶನ್ ತನ್ನಿ ಅಂತ. ಇಲ್ಲದಿದ್ದರೆ ಕೇಳದೆಯೇ ತಿಳಿ ಬಣ್ಣದ್ದು ಬಳಿದು ಕೂರಿಸುತ್ತಾರೆ, ಫೋಟೋದಲ್ಲಿ ಮುಖ ಒಂದು ಬಣ್ಣ, ಕೈ ಒಂದು ಬಣ್ಣ. ಫೋಟೋದವರಿಗೂ ಅಷ್ಟೇ, ಆಲ್ಬಮ್ ಮಾಡುವಾಗ ಅವಳ ಮುಖ ಬೆಳ್ಳಗೆ ಮಾಡಬೇಡಿ ಅಂತ ಅಡ್ವಾನ್ಸ್ ಕೊಡುವಾಗಲೇ ಹೇಳಿಬಿಡಿ. ನಾಳೆ ಡಾಕ್ಟರ್ ಏನಂದರು ಅಂತ ತಿಳಿಸಿ ಆಂಟಿ. ಅವಳಿಗೆ ಮಾತಾಡಬೇಕು ಅನ್ನಿಸಿದರೆ ನಾನಿದ್ದೇನೆ.