ಸಹಾಯ ಬೇಕು: ಬೈಪಾಸ್ ಆದಮೇಲೆ ಬಿ12 ಕಡಿಮೆ, ಪಾದ ಜೋಮು

ಎಲ್ಲರಿಗೂ ನಮಸ್ಕಾರ. ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡು ಎರಡೂವರೆ ವರ್ಷ ಆಯಿತು. 112 ಕೆಜಿ ಇದ್ದವಳು ಈಗ 74.

ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದೆ. ಆಮೇಲೆ ಚೆನ್ನಾಗಿದ್ದೇನಲ್ಲ ಅಂತ ಬಿಟ್ಟೆ. ವಿಟಮಿನ್ ಮಾತ್ರೆಯೂ ನೆನಪಾದಾಗ ಒಂದು. ತಪ್ಪು ನನ್ನದೇ.

ಎರಡು ತಿಂಗಳಿಂದ ಪಾದ ಜುಮ್ ಅನ್ನುತ್ತಿದೆ. ಮೊನ್ನೆ ಚಪ್ಪಲಿ ಜಾರಿದ್ದೇ ಗೊತ್ತಾಗದೆ ನಾಲ್ಕು ಹೆಜ್ಜೆ ಬರಿಗಾಲಲ್ಲಿ ನಡೆದಿದ್ದೆ! ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 148 ಬಂದಿದೆ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) 9, ಎರಡೂ ಕಡಿಮೆ. ಈ ಆಪರೇಷನ್ ಆದಮೇಲೆ ಹೊಟ್ಟೆಯ ಜಾಸ್ತಿ ಭಾಗ, ಸಣ್ಣ ಕರುಳಿನ ಶುರುವಿನ ಭಾಗ ಎರಡನ್ನೂ ಮುಟ್ಟದೆ ಊಟ ಮುಂದೆ ಹೋಗುವುದರಿಂದ ಬಿ12, ಕಬ್ಬಿಣ ಸರಿಯಾಗಿ ಮೈಗೆ ಸೇರುವುದಿಲ್ಲವಂತೆ. ಬಿ12 ಲಿವರ್‌ನಲ್ಲಿ ವರ್ಷಗಟ್ಟಲೆ ಕೂಡಿಟ್ಟಿರುತ್ತದೆ, ಅದಕ್ಕೇ ಇಷ್ಟು ತಡವಾಗಿ ಗೊತ್ತಾಯಿತು. ಡಾಕ್ಟರು ಇಂಜೆಕ್ಷನ್ ಶುರು ಮಾಡಿದ್ದಾರೆ.

ಇದೇ ಆಪರೇಷನ್ ಆದವರು ದಯವಿಟ್ಟು ಹೇಳಿ. ಇಂಜೆಕ್ಷನ್ ಮೇಲೆ ಜೋಮು ಇಳಿಯಲು ನಿಮಗೆ ಎಷ್ಟು ದಿನ ಹಿಡಿಯಿತು? ತಾಮ್ರ ಕಡಿಮೆಯಾದರೂ ಹೀಗೇ ಆಗುತ್ತದಂತೆ, ಅದರ ಪರೀಕ್ಷೆ ಯಾರಾದರೂ ಮಾಡಿಸಿದ್ದೀರಾ? ಇನ್ನೊಂದು, ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಬೇಕು, ಕಾಫಿ ಜೊತೆಗಂತೂ ಬೇಡ ಅಂದಿದ್ದಾರೆ. ಬೆಳಿಗ್ಗೆ ಕಾಫಿ ಇಲ್ಲದೆ ಕಣ್ಣೇ ಬಿಡದವಳು ನಾನು. ನೀವು ಯಾವ ಮಾತ್ರೆ ಎಷ್ಟು ಹೊತ್ತಿಗೆ ತಗೊಳ್ತೀರಿ ಅಂತ ಬರೆದರೆ ಉಪಕಾರ.

ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಕಷಾಯ ಕುಡಿ ಅನ್ನುವ ಸಲಹೆ ಬೇಡ, ಅದಕ್ಕೆ ಮನೆಯಲ್ಲಿ ಅತ್ತೆ ಇದ್ದಾರೆ.