ಲಗ್ನಪತ್ರಿಕೆಗೆ ಐದರ ಬದಲು ಆರು ಪ್ಲೇಟ್ ಬರ್ತಿದೆ, ಅರ್ಜೆಂಟ್

ಡಿಟಿಪಿ_ದಾವಣಗೆರೆ:
ನಾಲ್ಕು ಕಲರ್ ಜೊತೆಗೆ ಪ್ಯಾಂಟೋನ್ 871 ಅನ್ನೋ ರೆಡಿ ಗೋಲ್ಡ್ ಇಂಕ್, ಇಂಕಿಗೊಂದರಂತೆ ಒಟ್ಟು ಐದು ಪ್ರಿಂಟಿಂಗ್ ಪ್ಲೇಟ್ ಆಗ್ಬೇಕು. ಪ್ಲೇಟ್ ಮಾಡಿಕೊಡೋ ಸಿಟಿಪಿಯವರು ಆರು ಬರ್ತಿದೆ ಅಂತಾರೆ. ನಾನು ಹಾಕಿರೋದು ಒಂದೇ ಗೋಲ್ಡ್! ಪಿಡಿಎಫ್ ಮತ್ತೆ ಮಾಡಿ ಕಳಿಸಿದ್ರೂ ಅದೇ ಕಥೆ. ಪಾರ್ಟಿ ತಲೆ ಮೇಲೆ ಕೂತಿದಾರೆ, ಯಾರಾದ್ರೂ ಹೇಳಿ.

ಆಫ್‌ಸೆಟ್_ಮಿತ್ರ:
ಲೈಬ್ರರಿ ಪ್ರಾಬ್ಲಂ ಸರ್. 2022ರಲ್ಲಿ ಅಡೋಬಿಯವರು ತಮ್ಮ ಸಾಫ್ಟ್‌ವೇರ್‌ನಿಂದ ಪ್ಯಾಂಟೋನ್ ಬಣ್ಣಗಳ ಲೈಬ್ರರಿ ತೆಗೆದುಹಾಕಿದ ಮೇಲೆ ಇಂಥದ್ದೇ ಎಲ್ಲ. ಲೈಸೆನ್ಸ್ ತಗೊಳ್ಳಿ.

ಡಿಟಿಪಿ_ದಾವಣಗೆರೆ:
ನಾನು ಮಾಡಿರೋದು ಕೋರೆಲ್‌ನಲ್ಲಿ, ಅದು ಅಡೋಬಿಯದ್ದಲ್ಲ.

ಆಫ್‌ಸೆಟ್_ಮಿತ್ರ:
ಪತ್ರಿಕೆಯ ಗಣಪತಿ ಚಿತ್ರ ಅಡೋಬಿ ಫೋಟೋಶಾಪ್‌ದಲ್ವಾ? ಲೈಬ್ರರಿ ಇಲ್ದಿದ್ರೆ ಅದರಲ್ಲಿ ಪ್ಯಾಂಟೋನ್ ಬಣ್ಣ ಕಪ್ಪಾಗುತ್ತೆ.

ಪ್ಲೇಟ್_ರೂಮ್:
ಕಪ್ಪಾದ್ರೆ ಹೊಸ ಪ್ಲೇಟ್ ಹುಟ್ಟಲ್ಲ ಸ್ವಾಮಿ. ಅಕ್ರೋಬ್ಯಾಟ್‌ನಲ್ಲಿ ಔಟ್‌ಪುಟ್ ಪ್ರಿವ್ಯೂ ತೆಗೆದು, ಇಂಕ್ ಹೆಸರುಗಳನ್ನ ಒಂದಕ್ಷರ ಬಿಡದೆ ಇಲ್ಲಿ ಹಾಕಿ.

ನುಡಿ_ಬಳಗ:
ಮೊದಲು ಅಕ್ಷರ ಕರ್ವ್ಸ್ (ಫಾಂಟ್ ಬೇಡದ ಆಕಾರ) ಮಾಡಿದೀರಾ?

ಆಫ್‌ಸೆಟ್_ಮಿತ್ರ:
ಫಾಂಟಿಗೂ ಪ್ಲೇಟಿಗೂ ಏನ್ರೀ ಸಂಬಂಧ?

ನುಡಿ_ಬಳಗ:
ವಧುವಿನ ಹೆಸರಲ್ಲಿ ಒತ್ತಕ್ಷರ ಜಾರಿದ್ರೆ ಇಡೀ ಲಾಟ್ ರದ್ದಿಗೆ. ಅದಕ್ಕೇ ಕೇಳಿದ್ದು.

ಹುಬ್ಬಳ್ಳಿ_ಪ್ರೆಸ್:
ನಮ್ಮಲ್ಲಿ ಫೈವ್ ಕಲರ್ ಹೈಡಲ್‌ಬರ್ಗ್ ಬಂದೈತಿ. ಗೋಲ್ಡ್ ಸಮೇತ ಒಂದೇ ಪಾಸ್‌ನ್ಯಾಗ ಮುಗಿತೈತಿ ನೋಡ್ರಿ.

ಡಿಟಿಪಿ_ದಾವಣಗೆರೆ:
ಸಯಾನ್, ಮಜೆಂಟಾ, ಯೆಲ್ಲೋ, ಬ್ಲ್ಯಾಕ್, ಪ್ಯಾಂಟೋನ್ 871 ಸಿ, ಪ್ಯಾಂಟೋನ್ 871 ಸಿವಿಸಿ. ಬಾರ್ಡರ್ ಹಳೇ ಕ್ಲಿಪ್‌ಆರ್ಟ್ ಸಿಡಿಯ ಇಪಿಎಸ್ ಫೈಲ್, ಎಲ್ಲರೂ ಬಳಸೋದೇ.

ಪ್ಲೇಟ್_ರೂಮ್:
ಸಿಕ್ತಲ್ಲ! ಮಷಿನ್‌ಗೆ ಹಾಕೋ ಇಂಕ್ ಡಬ್ಬಿ ಒಂದೇ, ಆದ್ರೆ ಫೈಲನ್ನ ಪ್ಲೇಟ್‌ಗಳಾಗಿ ಬೇರ್ಪಡಿಸೋ ರಿಪ್ ಸಾಫ್ಟ್‌ವೇರ್ ನೋಡೋದು ಹೆಸರನ್ನ. ಹೆಸರು ಬೇರೆಯಾದ್ರೆ ಪ್ಲೇಟೂ ಬೇರೆ. ಸಿವಿಸಿ ಅನ್ನೋದು ಹಳೇ ಸಾಫ್ಟ್‌ವೇರ್ ವರ್ಷನ್‌ಗಳ ಹೆಸರು, ಇಂಥ ಇಪಿಎಸ್‌ಗಳಲ್ಲಿ ಉಳ್ಕೊಂಡಿರುತ್ತೆ. ಕೋರೆಲ್‌ನ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಅದನ್ನ 871 ಸಿ ಮಾಡಿ. ಫಿಲ್ ಒಂದೇ ಅಲ್ಲ, ಔಟ್‌ಲೈನ್ ಕೂಡ. ಟೈಮ್ ಇಲ್ಲದಿದ್ರೆ ಸಿಟಿಪಿಯವರಿಗೇ ಹೇಳಿ, ಇಂಕ್ ಮ್ಯಾನೇಜರ್‌ನಲ್ಲಿ ಒಂದಕ್ಕೊಂದು ಅಲಿಯಾಸ್ ಕೊಟ್ಟು ಎರಡನ್ನೂ ಒಂದೇ ಇಂಕ್ ಮಾಡ್ತಾರೆ. ಸ್ಪಾಟ್ (ಈ ಗೋಲ್ಡ್‌ನಂಥ ರೆಡಿ ಇಂಕ್) ಎಲ್ಲ ಪ್ರೋಸೆಸ್‌ಗೆ, ಅಂದ್ರೆ ನಾಲ್ಕು ಕಲರಿನ ಸಿಎಂವೈಕೆಗೆ, ಕನ್ವರ್ಟ್ ಮಾಡೋ ಟಿಕ್ ಮಾತ್ರ ಮುಟ್ಟಬೇಡಿ. 871ರಲ್ಲಿ ಲೋಹದ ಪುಡಿ ಇರುತ್ತೆ, ಸಿಎಂವೈಕೆಯಲ್ಲಿ ಆ ಹೊಳಪು ಬರಲ್ಲ, ಮಂಕು ಕಂದು ಬಣ್ಣ ಕೂರುತ್ತೆ.

ಆಫ್‌ಸೆಟ್_ಮಿತ್ರ:
ಆದ್ರೂ ಲೈಸೆನ್ಸ್ ಇರೋದು ಒಳ್ಳೇದು.

ಹುಬ್ಬಳ್ಳಿ_ಪ್ರೆಸ್:
ಫೈಲ್ ನಮ್ಮ ಕಡೆ ಕಳಸ್ರಿ, ನಾವ ನೋಡ್ಕೋತೀವಿ.

ಡಿಟಿಪಿ_ದಾವಣಗೆರೆ:
ಐದೇ ತೋರಿಸ್ತಿದೆ ಈಗ, ತುಂಬಾ ಥ್ಯಾಂಕ್ಸ್ ಸರ್. ಆದ್ರೆ ಕಳಶದ ನೆರಳು ಗೋಲ್ಡ್ ಮೇಲೆ ಬಿದ್ದ ಕಡೆ ಬಿಳಿ ಚೌಕ ಕಾಣ್ತಿದೆ. ಓವರ್‌ಪ್ರಿಂಟ್ (ಕೆಳಗಿನ ಗೋಲ್ಡ್ ಕತ್ತರಿಸದೆ ಅದರ ಮೇಲೇ ಪ್ರಿಂಟ್) ಕೊಡ್ಬೇಕಾ?