ಮ್ಯಾನಿಫೋಲ್ಡ್ ಮೀಟರಿನೊಳಗ ಮಸಿ: ಯಾರ್ಯಾರು ಏನು ಹಚ್ಚೀರಿ?

ಸೇಡಂ ಟಿಪ್ಪರ್:
ಬಿಎಸ್ 3 (ಹಳೀ ಹೊಗೆ ನಿಯಮದ್ದು), ಹತ್ತು ಚಕ್ರದ ಗಾಡಿ, ಸುಣ್ಣದ ಕಲ್ಲಿನ ಲೋಡು. ಟರ್ಬೊಕ್ಕ (ಹೊಗೆಯಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬೋದು) ಹೊಗೆ ಹೋಗೋ ಮೊದಲು ಮ್ಯಾನಿಫೋಲ್ಡಿನೊಳಗ (ಎಂಜಿನ್ನಿನ ಹೊಗೆ ಕೂಡೋ ಕೊಳವಿ) ಎಷ್ಟು ಪ್ರೆಶರ್ ಅದ ನೋಡಬೇಕಂತ 0-4 ಕೆಜಿ ಮೀಟರ್ ಹಚ್ಚೀನಿ. ಟರ್ಬೊ ತುಂಬೋ ಗಾಳಿ ತೋರಸೋ ಬೂಸ್ಟ್ ಮೀಟರ್ ಸರಿ ಅದ, ಇದರ ಮುಳ್ಳು ಮಾತ್ರ ಎರಡೇ ವಾರಕ್ಕ ನಿಂತುಬಿಡ್ತದ. ಬಿಚ್ಚಿದ್ರ ಒಳಗ ಕರಿ ಗಂಜಿ. ಮ್ಯಾನಿಫೋಲ್ಡಿನಿಂದ ಒಂದು ಗೇಣು ತಾಮ್ರ, ಮುಂದ ಕ್ಯಾಬಿನ್ ತನಕ ನೈಲಾನ್ ಪೈಪು, ನಡುವ ಬೈಕಿನ ಪೆಟ್ರೋಲ್ ಫಿಲ್ಟರ್. ಯಾವ ಫಿಲ್ಟರ್ ಹಾಕಬೇಕು ಹೇಳ್ರಿ.

ವಾಡಿ ಎರಡು ಗಾಡಿ:
ಒಂದು ಗೇಣು ತಾಮ್ರ ಏನಕ್ಕೂ ಸಾಲೂದಿಲ್ಲ ತಮ್ಮಾ. ನನ್ನ ಎರಡೂ ಗಾಡಿಗೆ ಎರಡು ಸೂತಿನ (ಕಾಲು ಇಂಚು) ಫ್ರಿಜ್ ತಾಮ್ರದ ಪೈಪು, ಎರಡೂವರೆ ಮೀಟರ್. ಅದರಾಗ ಐದು ಸುತ್ತು, ಒಂದೂವರೆ ಇಂಚಿನ ಪೈಪಿನ ಮ್ಯಾಲ ಸುತ್ತಿದ್ದು. ಎಂಜಿನ್ ಒಂದು ಥರ ಅಲುಗ್ತದ, ಕ್ಯಾಬಿನ್ ಇನ್ನೊಂದು ಥರ. ಸುತ್ತು ಇಲ್ಲಂದ್ರ ಫ್ಲೇರ್ ನಟ್ಟಿನ (ಪೈಪಿನ ಬಾಯಿ ಅಗಲಿಸಿ ಬಿಗಿಯೋ ನಟ್ಟು) ಕುತ್ತಿಗಿಗೇ ಸೀಳ್ತದ. ಖರ್ಚು: ತಾಮ್ರ 550, ಫ್ಲೇರ್ ನಟ್ಟು ನಾಕಕ್ಕ 160, ಮೀಟರ್ 480, ಸೀಳಿದ ಮ್ಯಾಲ ಮತ್ತ ತಾಮ್ರ 550. ಸುತ್ತೋ ಮೊದಲು ಕೆಂಪಗ ಕಾಸಿ ನೀರಾಗ ಅದ್ದಬೇಕು, ಮೆತ್ತಗಾಗ್ತದ. ನಡುಗಿ ನಡುಗಿ ತಾಮ್ರ ಗಡುಸಾಗ್ತದ, ಅದಕ್ಕ ವರ್ಷಕ್ಕೊಮ್ಮೆ ಮತ್ತ ಕಾಸೋದು. ಪೈಪು ಕೂಡಸೋ ರಂಧ್ರಕ್ಕ ಮ್ಯಾನಿಫೋಲ್ಡ್ ಬಿಚ್ಚೋ ಜರೂರತ್ತಿಲ್ಲ. ಎಂಜಿನ್ ಚಾಲೂ ಇಟ್ಟು ಹೊಡೀರಿ, ಚೂರು ಹೊರಗ ಹಾರ್ತಾವ.

ಹುಮನಾಬಾದ್ ಖರಾದಿ:
ಚಾಲೂ ಇಟ್ಟು ಹೊಡೀರಿ ಅನ್ನೋರಿಗೆ ಟರ್ಬೈನ್ ಚಕ್ರದ ರೇಟು ಗೊತ್ತಿಲ್ಲ. ಡ್ರಿಲ್ ಪಾರಾಗೋವಾಗ ಹೊಗೆ ಚೂರು ಹೊರಗ ನೂಕ್ತದ, ಖರೆ. ಆಮ್ಯಾಲ ಹಲ್ಲು ಕೊರಿಯೋ ಟ್ಯಾಪ್ ತಿರುಗಿಸೋವಾಗ? ಟ್ಯಾಪೇ ರಂಧ್ರಕ್ಕ ಬೂಚ್ ಆಗಿರ್ತದ, ಬೀಡು ಕಬ್ಬಿಣದ ಚೂರು ಒಳಗೇ ಉದುರ್ತದ, ಸೀದಾ ಟರ್ಬೊಕ್ಕ. ಬಿಚ್ಚಿದ್ರ ಗ್ಯಾಸ್ಕೆಟ್ 900, ಎರಡು ಸ್ಟಡ್ ಮುರಿದ್ರ 300, ಒಂದು ದಿನದ ಬಾಡಿಗಿ ಹೋಯ್ತು. ಹೋಗ್ಲಿ, ಬಿಚ್ಚಿಯೇ ಹೊಡೀರಿ.

1/8 ಬಿಎಸ್‌ಪಿ (ಬ್ರಿಟಿಷ್ ಪೈಪಿನ ಹಲ್ಲು) ಟ್ಯಾಪಿಗೆ 8.8 ಎಂಎಂ ಡ್ರಿಲ್. ಅಂಗಡಿಯವ ಎನ್‌ಪಿಟಿ (ಅಮೆರಿಕಾದ ಹಲ್ಲು) ನಿಪ್ಪಲ್ ಕೊಡ್ತಾನ, ಕೈಲೆ ಎರಡು ಸುತ್ತು ಹತ್ತಿತಂತ ನೀವು ಖುಷ್. ಎನ್‌ಪಿಟಿ ಇಂಚಿಗೆ 27 ಹಲ್ಲು, ಬಿಎಸ್‌ಪಿ 28. ಪಾನಾ ಹಾಕಿ ಬಿಗಿದ್ರ ಹಲ್ಲು ಕೆಡ್ತದ, ಸೋರೋದು ನಿಲ್ಲೂದಿಲ್ಲ. ಮ್ಯಾನಿಫೋಲ್ಡ್ ಕಡೆ ಬಿಳಿ ಟೇಪ್ ಸುಟ್ಟುಹೋಗ್ತದ, ತಾಮ್ರದ ಗ್ರೀಸ್ ಹಚ್ಚಬೇಕು. ಪೈಪು 6 ಎಂಎಂ ಸ್ಟೇನ್‌ಲೆಸ್ಸೇ. ತಾಮ್ರ ವರ್ಷಾ ಕಾಸ್ತೀನಂದ್ರ ಅದು ಪೈಪಲ್ಲ, ಹಬ್ಬ.

ವಾಡಿ ಎರಡು ಗಾಡಿ:
ಸ್ಟೇನ್‌ಲೆಸ್ ನಿಮ್ಮ ಲೇಥ್ ಅಂಗಡ್ಯಾಗ ಬಗ್ತದ. ರಸ್ತಾದ ಮ್ಯಾಲ ಪಂಚರ್ ಅಂಗಡ್ಯಾಗ ಬಗ್ಗಿಸಿ ತೋರಸ್ರಿ.

ಬೀದರ್ ಪಂಪು:
ಇಬ್ಬರೂ ಧಾತು ಹಿಡಕೊಂಡು ಕೂತೀರಿ. ಈ ಪೈಪಿನ ಇನ್ನೊಂದು ತುದಿ ಮುಚ್ಚಿದ್ದು. ಹೊಗೆ ಅದರಾಗ ಹರಿಯೂದಿಲ್ಲ, ಉಸಿರಾಡ್ತದ. ಘಾಟಿನಾಗ ಪ್ರೆಶರ್ ಎರಡು ಕೆಜಿ ಏರಿದ್ರ (ಹೊರಗಿನ ಗಾಳಿದೇ ಒಂದು ಸೇರಿ ಮೂರು) ಪೈಪಿನೊಳಗಿನ ಹಳೀ ಗಾಳಿ ಮೂರರಾಗ ಒಂದು ಪಾಲಿಗೆ ಒತ್ತತದ, ಉಳಿದ ಎರಡು ಪಾಲಿಗೆ ಹೊಗೆ ಬಂದು ತುಂಬ್ತದ. ಆಕ್ಸಲೇಟರ್ ಬಿಟ್ರ ವಾಪಸ್. ಹಿಂಗಾಗಿ ಮಸಿ ಮೊದಲಿನ ಎರಡು ಪಾಲಿನಾಗೇ ಕೂಡಬೇಕು, ಮೀಟರ್ ತನಕ ಬರಲೇಬಾರದು. ಎರಡು ವಾರಕ್ಕ ಮೀಟರಿನೊಳಗ ಗಂಜಿ ಸಿಗ್ತದಂದ್ರ ಮೀಟರ್ ಕಡೆ ಎಲ್ಲೋ ಸೋರ್ತದ. ಸೋರಿದ್ರ ಮುಚ್ಚಿದ ಪೈಪು ಹರಿಯೋ ಪೈಪಾಗ್ತದ, ಯಾವ ಫಿಲ್ಟರೂ ತಡಿಯೂದಿಲ್ಲ. ಮೊದಲು ಸೋಪಿನ ನೀರು ಹಚ್ಚಿ ನೋಡ್ರಿ.

ಫಿಲ್ಟರ್ ಡಬ್ಬಿ ಎಲ್ಲಿ ಅನ್ನೋದೂ ಇದರ ಮ್ಯಾಲೇ. ದೊಡ್ಡ ಡಬ್ಬಿ ಮೀಟರ್ ಹತ್ತಿರ ಇಟ್ರ ಅದನ್ನ ತುಂಬಿಸೋಕ ಪ್ರತೀ ಸಲ ಅಷ್ಟು ಹೆಚ್ಚು ಹೊಗೆ ಪೈಪಿಗೆ ಎಳೀತದ. ದೊಡ್ಡದು ಮ್ಯಾನಿಫೋಲ್ಡ್ ಕಡೆ, ಮೀಟರ್ ಕಡೆ ಏನಿದ್ರೂ ಬೆರಳಷ್ಟು.

ಶಹಾಪುರ ಹತ್ತಿ ಲಾರಿ:
ಬೆರಳಷ್ಟು ಅಂದ್ರಿ, ಅದು ನಾ ಹಾಕಿದ್ದೇ. ಏರ್ ಸಿಲಿಂಡರಿಗೆ ಬರೋ, ಕಂಚಿನ ಪುಡಿ ಒತ್ತಿ ಮಾಡಿದ ಸಣ್ಣ ಸೈಲೆನ್ಸರ್, 1/8, ಒಂದಕ್ಕ 45 ರೂಪಾಯಿ. ಎರಡು ಕಪ್ಲಿಂಗ್ ನಡುವ ಕೂಡಸಿದ್ದಕ್ಕ ಖರಾದಿ 250 ತಗೊಂಡ. ಒಂದೂವರೆ ತಿಂಗಳಿಗೊಮ್ಮೆ ತುಂಬ್ತದ. ಡೀಸಲಿನಾಗ ನೆನಸಿದ್ರ ಮಸಿ ಇನ್ನೂ ಒಳಗ ಸೇರ್ತದ. ಉಲ್ಟಾ ಕಡೆಯಿಂದ ಬ್ರೇಕಿನ ಟ್ಯಾಂಕಿನ ಗಾಳಿ ಹೊಡೀಬೇಕು, ಮೀಟರ್ ಬಿಚ್ಚಿ. ಮೀಟರ್ ಇದ್ದಂಗೇ ಎಂಟು ಕೆಜಿ ಗಾಳಿ ಹೊಡೆದ್ರ 480 ಗೋವಿಂದಾ. ತುಂಬಿದ್ದು ಗೊತ್ತಾಗೋದು ಹಿಂಗ: ಆಕ್ಸಲೇಟರ್ ಬಿಟ್ಟ ಮ್ಯಾಲ ಮುಳ್ಳು ತಟ್ಟನೆ ಇಳಿಯೂದಿಲ್ಲ, ಎಮ್ಮಿ ಎದ್ದಂಗ ಇಳೀತದ.

ಪಾತ್ರಿ ತಿಕ್ಕೋ ಸ್ಟೀಲ್ ಜುಂಗನ್ನೂ ಒಂದು ಇಂಚಿನ ಪೈಪಿನೊಳಗ ತುರುಕಿ ನೋಡೀನಿ. ತುಕ್ಕು ಹಿಡಿಯೋ ಜುಂಗಾದ್ರ ಮಳೆಗಾಲಕ್ಕ ಪುಡಿ.

ಹುಮನಾಬಾದ್ ಖರಾದಿ:
250 ಜಾಸ್ತಿ ತಗೊಂಡಾನ.

ಬೀದರ್ ಪಂಪು:
ಗಂಜಿ ಆಗೋದು ಮಸಿಯಿಂದಷ್ಟೇ ಅಲ್ಲ, ನೀರಿನಿಂದ. ಒಂದು ಲೀಟರ್ ಡೀಸಲ್ ಉರಿದ್ರ ಹೆಚ್ಚುಕಡಿಮಿ ಒಂದು ಲೀಟರ್ ನೀರು ಆವಿಯಾಗಿ ಹೊಗೆಯೊಳಗ ಇರ್ತದ. ತಣ್ಣಗಾದ ಪೈಪಿನಾಗ ಹನಿ ಕಟ್ಟತದ. ಪೈಪು ಮ್ಯಾನಿಫೋಲ್ಡಿನಿಂದ ಮೀಟರ್ ತನಕ ಏರುತ್ತಲೇ ಹೋದ್ರ ಹನಿ ಹಿಂದಕ್ಕ ಇಳಿದು ಆವಿಯಾಗ್ತದ. ನಡುವ ಚಾಸಿ ಕೆಳಗ ಜೋಲು ಬಿದ್ರ ಅಲ್ಲೇ ಗಂಜಿ ನಿಲ್ತದ. ವಾಡಿಯವರ ಸುತ್ತು ಅಡ್ಡ ಮಲಗಿಸಿದ್ರ ಐದು ಸುತ್ತಿಗೆ ಐದು ಕೆರಿ. ಸ್ಪ್ರಿಂಗಿನಂಗ ನಿಂದರಿಸಿ, ಹೊಗೆ ಕೆಳಗಿನ ತುದಿಯಿಂದ ಒಳಗ ಬರೂವಂಗ ಇಡ್ರಿ.

ವಾಡಿ ಎರಡು ಗಾಡಿ:
ನಂದು ನಿಂತೇ ಅದ. ಕೇಳಿ ಬರೀರಿ.

ಕಲಬುರಗಿ ಬಿಎಸ್ 6:
ನಮ್ಮ ಗಾಡಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿದು ಸುಡೋ) ಡಿಬ್ಬಿಯಿಂದ ಎರಡು ರಬ್ಬರ್ ಪೈಪು ಸೆನ್ಸರಿಗೆ ಬರ್ತಾವ. ಅವಕ್ಕೂ ಈ ಕಂಚು ಹಾಕಬಹುದೇನ್ರಿ?

ಬೀದರ್ ಪಂಪು:
ಹಾಕಲೇಬ್ಯಾಡ್ರಿ. ಅದು ಡಿಬ್ಬಿಯ ಮುಂದಿನ ಹಿಂದಿನ ಪ್ರೆಶರಿನ ಫರಕು ನೋಡೋ ಸೆನ್ಸರು. ಒಂದು ಪೈಪು ತುಂಬಿದ್ರ ಕಂಪ್ಯೂಟರ್ ತಪ್ಪು ಲೆಕ್ಕ ಹಾಕ್ತದ, ಬ್ಯಾಡಾದಾಗ ಡಿಬ್ಬಿ ಸುಡಾಕ ಹೋಗ್ತದ, ಇಲ್ಲಾ ಸುಡಬೇಕಾದಾಗ ಸುಮ್ನಿರ್ತದ. ಎರಡೂ ಪೈಪು ಸೆನ್ಸರಿನಿಂದ ಬಿಚ್ಚಿ, ಸೆನ್ಸರಿಗೆ ಗಾಳಿ ತಾಕದಂಗ ಡಿಬ್ಬಿ ಕಡೆಗೆ ಊದ್ರಿ. ಯಾವುದು ಯಾವ ಕಡೆದು ಅಂತ ಬಣ್ಣ ಹಚ್ಚಿಟ್ಕೊಂಡು ಬಿಚ್ರಿ. ಅದಲು ಬದಲಾದ್ರ ರೀಡಿಂಗ್ ಉಲ್ಟಾ.

ಶಹಾಪುರ ಹತ್ತಿ ಲಾರಿ:
ಅದಕ್ಕೇ ಬಿಎಸ್ 3 ಮಾರಿಲ್ಲ ನಾವು.

ಕಲಬುರಗಿ ಬಿಎಸ್ 6:
ನಿಮ್ಮ ಬಿಎಸ್ 3ರ ಹೊಗೆ ಕುಡಿಯೋರು ಹಿಂದ ಬರೋ ನಾವೇ ಅಲ್ರೀ.

ಸೇಡಂ ಟಿಪ್ಪರ್:
ಸೋಪಿನ ನೀರು ಹಚ್ಚಿದೆ. ಮೀಟರ್ ಹಿಂದಿನ ನಿಪ್ಪಲ್ಲಿಗೆ ಸಣ್ಣ ಸಣ್ಣ ಗುಳ್ಳಿ, ಆಕ್ಸಲೇಟರ್ ಒತ್ತಿದಾಗಷ್ಟೇ. ಬೈಕಿನ ಫಿಲ್ಟರೂ ಒಂದು ಕಡೆ ಮೆತ್ತಗಾಗಿ ಒತ್ತಿದಂಗ ಆಗೇದ.

ಹುಮನಾಬಾದ್ ಖರಾದಿ:
ನಿಪ್ಪಲ್ ಬಿಚ್ಚಿ ಹಲ್ಲಿನ ಫೋಟೊ ಹಾಕು. 27 ಇರ್ತಾವ ನೋಡು.

ವಾಡಿ ಎರಡು ಗಾಡಿ:
ಫೋಟೊದಾಗ ಹಲ್ಲು ಎಣಿಸ್ತಾರಂತ.